ಮೂವತ್ತೊಂದು ಬೀಗದಕೈ

ಆಸ್ಪತ್ರೆಯಲ್ಲಿ ಅವಳ ನಿಜವಾದ ಹೆಸರು ಹಾಜರಿ ಪಟ್ಟಿಗೆ ಮಾತ್ರ ಗೊತ್ತಿತ್ತು. ಮಿಕ್ಕವರಿಗೆಲ್ಲ ಅವಳು ಪಾಸ್‌ವರ್ಡಕ್ಕ. ಆರುನೂರು ಮಂದಿ ದುಡಿಯುವ ಜಾಗ. ದಿನಕ್ಕೆ ಇಪ್ಪತ್ತು ಮೂವತ್ತು ಜನ ಪಾಸ್‌ವರ್ಡ್ ಮರೆತು ನೆಲಮಾಳಿಗೆಯ ಅವಳ ಕೋಣೆಗೆ ಫೋನ್ ಮಾಡುತ್ತಿದ್ದರು. ಹೃದಯದ ಡಾಕ್ಟರಿಗೆ ಹತ್ತು ವರ್ಷ ಹಿಂದೆ ನೋಡಿದ ರೋಗಿಯ ನಾಡಿ ನೆನಪಿರುತ್ತಿತ್ತು, ನಿನ್ನೆ ತಾವೇ ಇಟ್ಟ ಪಾಸ್‌ವರ್ಡ್ ನೆನಪಿರುತ್ತಿರಲಿಲ್ಲ. ಅವಳು ಯಾರನ್ನೂ ಬೈಯುತ್ತಿರಲಿಲ್ಲ. ಬೈಯಲೂ ಒಂದಿಷ್ಟು ತ್ರಾಣ ಬೇಕಲ್ಲ.

ಆರು ವರ್ಷದ ಹಿಂದೆ ಆಸ್ಪತ್ರೆಯ ಮೇಲ್, ಕ್ಯಾಲೆಂಡರ್, ಕಡತಗಳು, ಮೀಟಿಂಗುಗಳು ಎಲ್ಲವೂ ಕ್ಲೌಡ್‌ಗೆ ಹೋದಾಗ ಅದರ ಮೇಲುಸ್ತುವಾರಿ ಅವಳ ಕೊರಳಿಗೆ ಬಿತ್ತು. ಕಲಿಸಿದವರು ಯಾರೂ ಇಲ್ಲ. ಬಿದ್ದು ಎದ್ದು ಕಲಿತಳು. ಈಗ ನಲವತ್ತೆಂಟನೆಯ ವಯಸ್ಸಿನಲ್ಲಿ ಆಡಳಿತಾಧಿಕಾರಿಗಳಿಂದ ಸುತ್ತೋಲೆ ಬಂದಿತ್ತು: ಕ್ಲೌಡ್ ಅಡ್ಮಿನಿಸ್ಟ್ರೇಟರ್ ಪರೀಕ್ಷೆ ಪಾಸು ಮಾಡಿದವರ ಕೈಯಲ್ಲಿ ಮಾತ್ರ ಈ ಕೆಲಸ ಇರತಕ್ಕದ್ದು. ಮೂರು ತಿಂಗಳ ಗಡುವು. ಆಗದಿದ್ದರೆ ಕೆಲಸ ಹೊರಗಿನ ಕಂಪನಿಗೆ, ಅವಳು ಹಳೆಯ ಕಡತಗಳ ಕೌಂಟರಿಗೆ.

ಮೊದಲ ಸಲ ಕೂತಳು. ಪಾಸಾಗಲು ನೂರಕ್ಕೆ ಎಪ್ಪತ್ತು ಬೇಕಿತ್ತು, ಅವಳಿಗೆ ಬಂದದ್ದು ಅರವತ್ತೊಂದು. ದಿನಾ ಮಾಡುವ ಕೆಲಸದಲ್ಲೇ ನಪಾಸು. ಮನೆಗೆ ಬಂದು ಗಂಡನಿಗೆ ಹೇಳಿದಳು. ಅವನು ನೀರು ಶುದ್ಧಮಾಡುವ ಘಟಕದಲ್ಲಿ ಪಾಳಿಯ ಮೇಲೆ ದುಡಿಯುವವನು. ಅರ್ಧ ನಿದ್ದೆಯಲ್ಲಿ, "ಹೋಗ್ಲಿ ಬಿಡು, ಇನ್ನೊಂದ್ಸಲ ಬರಿ" ಅಂದು ಮಗ್ಗುಲು ಬದಲಿಸಿದ.

ಎರಡನೆಯ ಪರೀಕ್ಷೆಗೆ ಐದು ವಾರ ಇತ್ತು. ಬಸ್ಸಿನಲ್ಲಿ ನಿಂತು ಓದಿದಳು, ಊಟದ ಬಿಡುವಿನಲ್ಲಿ ಮೆಟ್ಟಿಲ ಮೇಲೆ ಕೂತು ಓದಿದಳು. ಓದಿದ್ದು ಕಣ್ಣಿಂದ ಒಳಗೆ ಹೋಗಿ ಎಲ್ಲಿಯೋ ಸೋರಿಹೋಗುತ್ತಿತ್ತು. ಒಂದು ಸಂಜೆ ಅಡುಗೆಮನೆಯಲ್ಲಿ ಡಬ್ಬಿಗೆ ಪುಸ್ತಕ ಒರಗಿಸಿಟ್ಟು ಹುರುಳಿಕಾಯಿ ಹೆಚ್ಚುತ್ತ ಹಾಗೇ ತೂಕಡಿಸಿದಳು. ಚಾಕು ಬೆರಳಿಗೆ ತಾಗುವಷ್ಟರಲ್ಲಿ ಯಾರೋ ಕೈ ಹಿಡಿದರು. ಅತ್ತೆ.

ಅತ್ತೆ ನಲವತ್ತು ವರ್ಷ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದಿ ನಿವೃತ್ತರಾದವರು. ಎಪ್ಪತ್ತೇಳು ವಯಸ್ಸು, ಎರಡೂ ಕಣ್ಣಿಗೆ ಶಸ್ತ್ರಚಿಕಿತ್ಸೆಯಾಗಿತ್ತು. ಅತ್ತೆ-ಸೊಸೆಯ ನಡುವೆ ಜಗಳವೂ ಇರಲಿಲ್ಲ, ಸಲಿಗೆಯೂ ಇರಲಿಲ್ಲ. ಹಾಲು ಬಂತಾ, ಗುಳಿಗೆ ತಗೊಂಡ್ರಾ, ಬಾಗಿಲು ಹಾಕಿದೀಯಾ: ಇಪ್ಪತ್ತೆರಡು ವರ್ಷದ ಮಾತುಕತೆ ಹೆಚ್ಚುಕಡಿಮೆ ಇಷ್ಟರಲ್ಲೇ ಮುಗಿದಿತ್ತು.

"ಕೊಡಿಲ್ಲಿ ಆ ಪುಸ್ತಕ. ನೀನು ಹೆಚ್ಚು, ನಾನು ಓದ್ತೀನಿ."

"ನಿಮಗೆ ಅರ್ಥ ಆಗಲ್ಲ ಅತ್ತೆ."

"ಅರ್ಥ ಆಗದೇ ಇರೋದನ್ನ ಓದಿಯೇ ನಲವತ್ತು ವರ್ಷ ಹೊಟ್ಟೆ ಹೊರೆದಿದೀನಿ. ಕೊಡು."

ಭೂತಗನ್ನಡಿ ಹಿಡಿದು ಅತ್ತೆ ಒಂದೊಂದೇ ಪದ ಬಿಡಿಸಿ ಓದಿದರು. ಒಬ್ಬ ಅಧಿಕಾರಿ ರಜೆಯ ಮೇಲಿದ್ದಾರೆ. ಅವರ ಸಹಾಯಕಿ ಅವರ ಕ್ಯಾಲೆಂಡರ್ ನೋಡಬೇಕು. ಅತಿ ಕಡಿಮೆ ಅಧಿಕಾರ ಕೊಟ್ಟು ಇದನ್ನು ಹೇಗೆ ಸಾಧಿಸುತ್ತೀರಿ? ಕೆಳಗೆ ನಾಲ್ಕು ಉತ್ತರ.

"ಎರಡನೇದು," ಅಂದಳು ಸೊಸೆ. "ಅವರ ಖಾತೇನೇ ಪೂರ್ತಿ ತೆರೆದು ಕೊಡೋದು."

ಅತ್ತೆ ಹಿಂದಿನ ಪುಟ ತಿರುವಿ ನೋಡಿದರು. "ತಪ್ಪು."

"ಅದರಿಂದ ಕೆಲಸ ಆಗುತ್ತೆ ಅತ್ತೆ. ನಾನು ದಿನಾ ಹಾಗೇ ಮಾಡೋದು."

"ಕೆಲಸ ಆಗುತ್ತಾ ಅಂತ ಅವರು ಕೇಳಿಲ್ಲ. 'ಅತಿ ಕಡಿಮೆ' ಅಂತ ಕೇಳಿದಾರೆ. ಪ್ರಶ್ನೇಲಿ ಇರೋದನ್ನ ನೀನು ಓದ್ತಾ ಇಲ್ಲ, ನಿನ್ನ ತಲೇಲಿ ಇರೋದನ್ನ ಓದ್ತಾ ಇದೀಯ. ಕರಡು ತಿದ್ದೋರು ಕೆಡೋದೇ ಇಲ್ಲಿ." ಅತ್ತೆ ಪೆನ್ಸಿಲು ಹುಡುಕಿ ಆ ಎರಡು ಪದದ ಕೆಳಗೆ ಗೆರೆ ಎಳೆದರು. "ಒಂದ್ಸಲ ನಮ್ಮಲ್ಲಿ ಔಷಧಿ ಚೀಟಿ ಅಚ್ಚಾಯ್ತು. ಮಕ್ಕಳಿಗೆ ಕೊಡಬಾರದು ಅನ್ನೋದು ಕೊಡಬಹುದು ಅಂತ ಆಗಿತ್ತು. ನಾಲ್ಕು ಜನ ಓದಿದ್ವಿ, ನಾಲ್ಕೂ ಜನ ಬಾರದು ಅಂತಲೇ ಓದಿದ್ವಿ. ಗೊತ್ತಿರೋರ ಕಣ್ಣು ಹಂಗೇ."

ಅಂದಿನಿಂದ ಸಂಜೆ ಅಡುಗೆ ಆಗುವಷ್ಟು ಹೊತ್ತು ಅತ್ತೆ ಓದುತ್ತಿದ್ದರು, ಸೊಸೆ ಉತ್ತರಿಸುತ್ತಿದ್ದಳು. ಉತ್ತರ ಹೇಳುವ ಮೊದಲು ಪ್ರಶ್ನೆಯ ಮುಖ್ಯ ಪದ ಯಾವುದೆಂದು ಹೇಳಬೇಕೆಂಬುದು ಅತ್ತೆಯ ಕಟ್ಟಳೆ. ಮೊದಲು. ಮಾತ್ರ. ಹೊರತುಪಡಿಸಿ. ಸೊಸೆಗೆ ಕೋಪ ಬರುತ್ತಿತ್ತು, ಆಮೇಲೆ ನಗು ಬರುತ್ತಿತ್ತು, ಕೊನೆಗೆ ಬರೀ ಸುಸ್ತು. ಓದು ಒಕ್ಕಾಲು ಬುದ್ಧಿ ಮುಕ್ಕಾಲು ಅಂತಾರೆ. ಅವಳಿಗೆ ಎರಡೂ ಸೇರಿ ಒಂದಾಗುತ್ತಿರಲಿಲ್ಲ.

ಪರೀಕ್ಷೆಗೆ ಎಂಟು ದಿನ ಉಳಿದಾಗ ಅತ್ತೆ ಓದಿದರು: ಒಂದು ಸಂಸ್ಥೆಯಲ್ಲಿ ಪರಮಾಧಿಕಾರವಿರುವ ಅಡ್ಮಿನ್‌ಗಳು ಎಷ್ಟು ಮಂದಿ ಇರುವುದು ಒಳ್ಳೆಯದು?

"ಎರಡರಿಂದ ನಾಲ್ಕು. ಈ ಅಧಿಕಾರ ಇದ್ದರೆ ಯಾರ ಮೇಲ್ ಬೇಕಾದ್ರೂ ತೆರೀಬಹುದು. ಅದಕ್ಕೇ ಕಮ್ಮಿ ಇರಬೇಕು."

"ಸರಿ. ನಿಮ್ಮಲ್ಲಿ ಎಷ್ಟಿದಾರೆ?"

ಸೊಸೆ ಎಂದೂ ಎಣಿಸಿ ನೋಡಿರಲಿಲ್ಲ. ಅವಳಿಗೆ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಪಟ್ಟಿ ತೆಗೆದು ಎಣಿಸಿದಳು. ಮೂವತ್ತೊಂದು. ಮತ್ತೊಮ್ಮೆ ಎಣಿಸಿದಳು, ಕಡಿಮೆಯಾಗಲಿಲ್ಲ. ನಿವೃತ್ತರಾದ ನಿರ್ದೇಶಕರು, ಕೆಲಸ ಬಿಟ್ಟು ಹೋದ ಇಬ್ಬರು, ಎಕ್ಸ್‌ರೇ ವಿಭಾಗದ ಮುಖ್ಯಸ್ಥೆ, ಉಗ್ರಾಣದ ಮುಖ್ಯಸ್ಥ, ಮೂಳೆ ಡಾಕ್ಟರು. ಯಾರೂ ಕದ್ದುಕೊಂಡದ್ದಲ್ಲ, ಇವಳೇ ಕೊಟ್ಟದ್ದು. ಒಬ್ಬರಿಗೆ ಒಂದು ಕಡತ ತೆರೆಯುತ್ತಿರಲಿಲ್ಲ, ಇನ್ನೊಬ್ಬರಿಗೆ ಮೀಟಿಂಗ್ ಸೇರಲು ಆಗುತ್ತಿರಲಿಲ್ಲ; ಮೂರು ಸಲ, ನಾಲ್ಕು ಸಲ ಫೋನು. ಎಲ್ಲಿ ತೊಡಕೆಂದು ಹುಡುಕುವಷ್ಟು ಪುರುಸೊತ್ತು ಇಲ್ಲದೆ ಪೂರ್ತಿ ಬೀಗದಕೈಯನ್ನೇ ಕೊಟ್ಟು ಕೈತೊಳೆದುಕೊಂಡಿದ್ದಳು. ಫೋನು ನಿಂತಿತ್ತು. ಅಷ್ಟು ಸಾಕಾಗಿತ್ತು ಆಗ.

ಹತ್ತು ಗಂಟೆಯ ಹೊತ್ತಿಗೆ ಮೂವರನ್ನು ಉಳಿಸಿ ಇಪ್ಪತ್ತೆಂಟು ಮಂದಿಯ ಅಧಿಕಾರ ತೆಗೆದಳು. ಗಲಾಟೆಯಾಗುತ್ತದೆಂದು ಕಾದಳು. ಆಗಲಿಲ್ಲ. ತಮ್ಮ ಹತ್ತಿರ ಅಂಥದೊಂದು ಇತ್ತೆಂಬುದೇ ಅವರಿಗೆ ಗೊತ್ತಿರಲಿಲ್ಲ. ಒಬ್ಬರಿಗೆ ಮಾತ್ರ ಗೊತ್ತಿತ್ತು. ಹನ್ನೆರಡಕ್ಕೆ ಉಗ್ರಾಣದ ಮುಖ್ಯಸ್ಥರು ತಾವೇ ಮೆಟ್ಟಿಲಿಳಿದು ಬಂದರು. ದಪ್ಪ ಆಳು, ಮೆತ್ತಗಿನ ಮಾತು.

"ಏನಕ್ಕ, ನನ್ನ ಅಡ್ಮಿನ್ ತೆಗೆದುಬಿಟ್ರಂತೆ?"

"ಎಲ್ಲರದೂ ತೆಗೆದೆ ಸರ್. ಪರೀಕ್ಷೆ ನಿಯಮ."

"ಪರೀಕ್ಷೆ ನಿಮಗೆ, ನನಗಲ್ವಲ್ಲ. ಸಾಮಾನು ತರಿಸೋ ಕಡತಗಳಿಗೆ ಬೇಕಾಗುತ್ತೆ. ವಾಪಸ್ ಹಾಕಿ."

"ಯಾವ ಕಡತ ಹೇಳಿ, ಅದನ್ನಷ್ಟೇ ತೆರೆದು ಕೊಡ್ತೀನಿ."

ಅವರು ಕಡತದ ಹೆಸರು ಹೇಳಲಿಲ್ಲ. "ಸಂಜೆಯೊಳಗೆ ಹಾಕಿರಿ," ಎಂದು ಹೋದರು.

ಎರಡು ಗಂಟೆಯಲ್ಲಿ ಇವರಿಗೆ ಹೇಗೆ ತಿಳಿಯಿತು? ಆ ಅಧಿಕಾರವನ್ನು ದಿನಾ ಬಳಸುವವರಿಗೆ ಮಾತ್ರ ತಿಳಿಯಬೇಕು. ಪುಸ್ತಕದ ಏಳನೆಯ ಪಾಠದಲ್ಲಿ ಇಂಥದಕ್ಕೆ ಏನು ನೋಡಬೇಕೆಂದು ಇತ್ತು. ಮೊದಲ ಪರೀಕ್ಷೆಯಲ್ಲಿ ಅವಳು ಅದೇ ಪಾಠದಲ್ಲಿ ಮುಗ್ಗರಿಸಿದ್ದಳು. ಯಾರ ಮೇಲ್ ಬೇರೆ ಎಲ್ಲಿಗಾದರೂ ತಾನಾಗಿ ನಕಲು ಹೋಗುತ್ತಿದೆಯೇ ಎಂಬ ವರದಿ ತೆಗೆದಳು. ಒಂದೇ ಸಾಲು ಬಂತು. ನರ್ಸುಗಳ ಮುಖ್ಯಸ್ಥೆಯಾದ ಮೇಟ್ರನ್ ಅವರಿಗೆ ಬಂದ ಪ್ರತಿಯೊಂದು ಪತ್ರದ ನಕಲೂ ಐದು ತಿಂಗಳಿಂದ ಉಗ್ರಾಣದ ಮುಖ್ಯಸ್ಥರಿಗೆ ಹೋಗುತ್ತಿತ್ತು. ಏರ್ಪಾಟು ಮಾಡಿದವರ ಹೆಸರು, ತಾರೀಖು, ಗಂಟೆ, ನಿಮಿಷ ಎಲ್ಲ ದಾಖಲೆಯಲ್ಲಿತ್ತು.

ಆ ತಾರೀಖನ್ನು ಇನ್ನೊಮ್ಮೆ ನೋಡಿದಳು. ನಾಲ್ಕು ತಿಂಗಳ ಹಿಂದೆ ಮಕ್ಕಳ ವಾರ್ಡಿನ ನರ್ಸೊಬ್ಬಳು, ಉಗ್ರಾಣದಿಂದ ಬರುವ ಕೈಗವಸು ಹಾಕಿಕೊಳ್ಳುವಾಗಲೇ ಹರಿಯುತ್ತದೆ ಎಂದು ಮೇಟ್ರನ್‌ಗೆ ಗುಟ್ಟಾಗಿ ಬರೆದಿದ್ದಳು. ವಾರದೊಳಗೆ ಅವಳನ್ನು ಬಟ್ಟೆ ಒಗೆಯುವ ವಿಭಾಗದಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಹಾಕಿದರು. ಉಗ್ರಾಣದವರು ಆಡಳಿತಾಧಿಕಾರಿಯ ಕಿವಿ ಊದಿದರೆಂಬುದು ಎಲ್ಲರಿಗೂ ಗೊತ್ತು. ಆದರೆ ಪತ್ರದ ವಿಷಯ ಅವರಿಗೆ ಹೇಳಿದ್ದು ಯಾರು? ಮೇಟ್ರನ್ನೇ ಅಂದರು ಜನ. ಆಮೇಲೆ ನರ್ಸುಗಳು ಮೇಟ್ರನ್ ಬಂದರೆ ಮಾತು ನಿಲ್ಲಿಸುತ್ತಿದ್ದರು. ಪಾಸ್‌ವರ್ಡಕ್ಕನೂ ಆ ಮಾತು ನಂಬಿದ್ದಳು. ನಂಬಿ ನಾಲ್ಕು ಜನರಿಗೆ ಹೇಳಿಯೂ ಇದ್ದಳು.

ನಕಲು ಹೋಗುವುದನ್ನು ನಿಲ್ಲಿಸಿದಳು, ದಾಖಲೆಯನ್ನು ಮುದ್ರಿಸಿ ಚೀಲದಲ್ಲಿಟ್ಟುಕೊಂಡಳು. ಸಂಜೆ ಅತ್ತೆ ಪುಸ್ತಕ ತೆಗೆದರೆ, "ಇವತ್ತು ಬೇಡ" ಅಂದಳು. ಅತ್ತೆ ಪುಸ್ತಕ ಮುಚ್ಚಿಟ್ಟರು. ಏನೂ ಕೇಳದೆ ಕೂತಿದ್ದಕ್ಕೇ ಅವಳು ಎಲ್ಲ ಹೇಳಿದಳು.

"ನಾನು ಸುಮ್ಮನೆ ನಿಲ್ಲಿಸಿಬಿಟ್ಟೆ. ಯಾರಿಗೂ ಗೊತ್ತಾಗಲ್ಲ. ಹೇಳಿದ್ರೆ ಮೊದಲು ಕೇಳೋದೇ ಅವನಿಗೆ ಬೀಗದಕೈ ಕೊಟ್ಟೋರು ಯಾರು ಅಂತ. ಕೋಲು ಕೊಟ್ಟು ಹೊಡೆಸಿಕೊಂಡ ಹಾಗೆ."

"ಹೌದು," ಅಂದರು ಅತ್ತೆ. "ಹೊಡೆತ ಬೀಳುತ್ತೆ."

"ಹೇಳು ಅಂತೀರಾ, ಬೇಡ ಅಂತೀರಾ?"

"ನನ್ನನ್ನ ಕೇಳಬೇಡ. ಆ ಔಷಧಿ ಚೀಟಿ ತಪ್ಪು ಕೊನೆಗೆ ಕಂಡಿದ್ದು ನನಗೇ. ಅಷ್ಟೊತ್ತಿಗೆ ಹತ್ತು ಸಾವಿರ ಪ್ರತಿ ಕಟ್ಟು ಕಟ್ಟಿ ಇಟ್ಟಿದ್ರು. ಒಂದು ದಿನ ಪೂರ್ತಿ ಬಾಯಿ ಬಿಡಲಿಲ್ಲ ನಾನು. ಆ ದಿನ ಈಗಲೂ ನೆನೆಸ್ಕೊಂಡ್ರೆ ನಾಚಿಕೆ ಆಗುತ್ತೆ."

ಮರುದಿನ ಬೆಳಿಗ್ಗೆ ಅವಳು ಮೇಟ್ರನ್ ಕೋಣೆಗೆ ಹೋಗಿ ಹಾಳೆಯನ್ನು ಮೇಜಿನ ಮೇಲಿಟ್ಟಳು. ಮೇಟ್ರನ್ ನಿವೃತ್ತಿಗೆ ಒಂದು ವರ್ಷ ಉಳಿದಿದ್ದ ಹೆಂಗಸು. ಕನ್ನಡಕ ಏರಿಸಿ ಎರಡು ಸಲ ಓದಿದರು.

"ಇಷ್ಟು ದಿನ ನನ್ನ ಹಿಂದೆ ಎಲ್ಲರೂ ಏನಂತಿದ್ರು ಗೊತ್ತಾ ನಿಮಗೆ?"

"ಗೊತ್ತು ಮೇಡಂ. ನಾನೂ ಅಂದಿದೀನಿ."

ಮೇಟ್ರನ್ ಹಾಳೆಯನ್ನು ಮಡಿಸುತ್ತ ಕಿಟಕಿಯ ಕಡೆ ತಿರುಗಿದರು. ಹೊರಗೆ ಯಾರೋ ಗಾಲಿಕುರ್ಚಿಯನ್ನು ಇಳಿಜಾರಿನಲ್ಲಿ ಹಿಂದುಹಿಂದಕ್ಕೆ ಇಳಿಸುತ್ತಿದ್ದರು. "ನಡೀರಿ," ಎಂದು ಎದ್ದರು. "ಆಡಳಿತಾಧಿಕಾರಿ ಹತ್ರ ಇಬ್ಬರೂ ಹೋಗೋಣ. ನಾನೊಬ್ಬಳೇ ಹೋದ್ರೆ ಇದೂ ನನ್ನ ಕೈವಾಡ ಅಂತಾರೆ."

ವಿಚಾರಣೆ ಮೂರು ದಿನ ನಡೆಯಿತು. ಉಗ್ರಾಣದ ಮುಖ್ಯಸ್ಥರು ಮೊದಲು ಗೊತ್ತಿಲ್ಲ ಅಂದರು, ಆಮೇಲೆ ತಪ್ಪಿ ಒತ್ತಿದೆ ಅಂದರು, ದಾಖಲೆಯ ತಾರೀಖು ಓದಿ ಹೇಳಿದ ಮೇಲೆ ಆ ಮಾತನ್ನೂ ಬಿಟ್ಟರು. ಅವರನ್ನು ಅಮಾನತು ಮಾಡಿದರು. ಪಾಸ್‌ವರ್ಡಕ್ಕನನ್ನು ಕೂರಿಸಿಕೊಂಡು ಮೂವತ್ತೊಂದು ಹೆಸರನ್ನೂ ಒಂದೊಂದಾಗಿ ಓದಿ, ಇವರಿಗೆ ಯಾಕೆ ಕೊಟ್ಟಿರಿ, ಇವರಿಗೆ ಯಾಕೆ ಕೊಟ್ಟಿರಿ ಎಂದು ಕೇಳಿದರು. ಮೊದಮೊದಲು ಕಾರಣ ಹೇಳಿದಳು. ಹನ್ನೆರಡನೆಯ ಹೆಸರಿನ ಹೊತ್ತಿಗೆ, "ಸುಸ್ತಾಗಿತ್ತು ಸರ್" ಅಂದಳು. ಬರೆದುಕೊಳ್ಳುತ್ತಿದ್ದ ಗುಮಾಸ್ತ ತಲೆಯೆತ್ತಿ, "ಹಾಗೇ ಬರೀಲಾ?" ಎಂದು ಕೇಳಿದ. "ಹಾಗೇ ಬರೀರಿ." ಅವಳಿಗೆ ಲಿಖಿತ ಎಚ್ಚರಿಕೆ ಕೊಟ್ಟರು. ಎರಡು ತಿಂಗಳು ಅವಳ ಅಡ್ಮಿನ್ ಅಧಿಕಾರವನ್ನೂ ಕಸಿದುಕೊಂಡರು. ಪರೀಕ್ಷೆಗೆ ಕೂರಬಾರದು ಅಂತ ಮಾತ್ರ ಯಾರೂ ಹೇಳಲಿಲ್ಲ. ಅದು ಅವರಿಗೆ ನೆನಪಿರಲಿಲ್ಲವೋ ಏನೋ.

ಅಂತೂ ಆ ದಿನ ಬಂತು. ಪರೀಕ್ಷಾ ಕೇಂದ್ರದಲ್ಲಿ ಗಡಿಯಾರ, ಉಂಗುರ, ಕೈಚೀಲ ಎಲ್ಲ ಕಪಾಟಿನಲ್ಲಿಡಿಸಿದರು. ಎರಡೂ ಪಕ್ಕದಲ್ಲಿ ಅವಳ ಅರ್ಧ ವಯಸ್ಸಿನವರು. ಓದುವ ಶಕ್ತಿ ಉಳಿದಿರಲಿಲ್ಲ; ಕೊನೆಯ ಆರು ದಿನ ಪುಸ್ತಕ ಮುಟ್ಟಿಯೇ ಇರಲಿಲ್ಲ. ಉಳಿದಿದ್ದು ಅತ್ತೆಯ ದನಿಯೊಂದೇ. ಪ್ರತಿ ಪ್ರಶ್ನೆಯನ್ನೂ ಆ ದನಿಯಲ್ಲೇ, ಪದ ಪದ ಬಿಡಿಸಿ ಓದಿದಳು. ಪರದೆಯ ಮೇಲೆ ಗೆರೆ ಎಳೆಯಲು ಆಗುವುದಿಲ್ಲವಾದ್ದರಿಂದ ಮೇಜಿನ ಮೇಲೆ ಉಗುರಿನಿಂದ ಎಳೆದಳು. ಮುಗಿಸುವ ಗುಂಡಿ ಒತ್ತಿದಾಗ ಇನ್ನೂ ನಾಲ್ಕು ನಿಮಿಷ ಉಳಿದಿತ್ತು. ಎಪ್ಪತ್ತಾರು. ಪಾಸು.

ಸಂತೋಷ ಬರುತ್ತದೆಂದು ಒಂದು ಗಳಿಗೆ ಕಾದಳು. ಬರಲಿಲ್ಲ. ಹಸಿವಾಗಿತ್ತು. ಮನೆಗೆ ಬಂದು ಅತ್ತೆಗೆ ಹೇಳಿದಳು. ಅತ್ತೆ ಅಂಕಪಟ್ಟಿಗೆ ಭೂತಗನ್ನಡಿ ಹಿಡಿದು ಮೇಲಿಂದ ಕೆಳಗೆ ಓದಿ, "ನಿನ್ನ ಹೆಸರಲ್ಲಿ ಒಂದಕ್ಷರ ತಪ್ಪು ಹಾಕಿದಾರೆ. ಬರೆದು ಸರಿಮಾಡಿಸ್ಕೋ," ಅಂದರು. ಆಮೇಲೆ ತಾವೇ ಎದ್ದು ಹೋಗಿ ಅವಳಿಗೆ ತಟ್ಟೆ ಹಾಕಿದರು. ಇಪ್ಪತ್ತೆರಡು ವರ್ಷದಲ್ಲಿ ಅವಳು ಜ್ವರವಿಲ್ಲದೆ ಕೂತು ಇನ್ನೊಬ್ಬರ ಕೈಯಿಂದ ಬಡಿಸಿಕೊಂಡದ್ದು ಅದೇ ಮೊದಲು.

ಎರಡು ವಾರದ ನಂತರ ಆ ನರ್ಸನ್ನು ಮಕ್ಕಳ ವಾರ್ಡಿಗೆ ವಾಪಸು ಹಾಕಿದರು. ಪಾಸ್‌ವರ್ಡಕ್ಕ ಅವಳನ್ನು ನೋಡಿದ್ದು ಮೊದಲ ಮಹಡಿಯ ಓಣಿಯಲ್ಲಿ. ಔಷಧಿಯ ಗಾಡಿ ತಳ್ಳಿಕೊಂಡು ಬರುತ್ತಿದ್ದವಳು ನಿಂತಳು.

"ವಿಷಯ ಹೊರಗೆ ತಂದಿದ್ದು ನೀವಂತೆ."

"ಹೌದು."

"ಅವನಿಗೆ ಬೀಗದಕೈ ಕೊಟ್ಟಿದ್ದೂ ನೀವೇ ಅಂತೆ."

"ಹೌದು."

ನರ್ಸು ಗಾಡಿಯ ಹಿಡಿಗೆ ಮತ್ತೆ ಕೈಹಾಕಿದಳು. ವಾರ್ಡಿನೊಳಗೆ ಮಗುವೊಂದು ಅಳತೊಡಗಿತು. "ನಾಲ್ಕು ತಿಂಗಳು ಬಟ್ಟೆ ಲೆಕ್ಕ ಬರೆದೆ," ಅಂದಳು ಅಷ್ಟೇ, ಗಾಡಿ ತಳ್ಳಿಕೊಂಡು ಒಳಗೆ ಹೋದಳು. ಪಾಸ್‌ವರ್ಡಕ್ಕ ಅಲ್ಲೇ ರೋಗಿಗಳಿಗೆಂದು ಇಟ್ಟಿದ್ದ ಬೆಂಚಿನ ತುದಿಯಲ್ಲಿ ಕೂತಳು. ಆ ಮಗುವಿನ ಅಳು ನಿಲ್ಲುವವರೆಗೂ ಕೂತಿದ್ದು, ಆಮೇಲೆ ಎದ್ದಳು.