ಚಲುವರಾಜು ಹುಡುಕಿದ ಊಟದ ಮನೆಗಳು

ಚಲುವರಾಜು ಯಾವ ಹೋಟೆಲಿಗೂ ನೇರವಾಗಿ ನುಗ್ಗಿದವರಲ್ಲ. ಎದುರಿನ ಕಾಲುದಾರಿಯಲ್ಲಿ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಬಾಡಿಗೆಗೆ ಮನೆ ನೋಡಲು ಬಂದವರ ಹಾಗೆ ಅರ್ಧ ಗಂಟೆ ನಿಂತು, ಒಳಗೆ ಹೋಗುವವರ ಮುಖವನ್ನೂ ಹೊರಗೆ ಬರುವವರ ಮುಖವನ್ನೂ ತಾಳೆ ನೋಡಿ, ಆಮೇಲೆ ಕಟ್ಟಡಕ್ಕೆ ಒಂದು ಪ್ರದಕ್ಷಿಣೆ ಹಾಕಿ, ಹಿಂಬದಿಯ ಅಡುಗೆಮನೆಯ ಕಿಟಕಿಯಿಂದ ಬರುವ ಹೊಗೆಯನ್ನು ಮೂಸಿ, ಕೊನೆಗೊಮ್ಮೆ ತಲೆಯಾಡಿಸಿದರೆ ಮಾತ್ರ ನಮಗೆ ಅಂದಿನ ಊಟ. ಹಸಿವಿನಿಂದ ನಾನು ಚಡಪಡಿಸಿದರೆ ಅವರದು ಒಂದೇ ಮಾತು: "ಮೊದ್ಲು ನೋಡೋಣ ಸಾರ್." ಎಷ್ಟೋ ಸಲ ನೋಡುವುದರಲ್ಲೇ ಊಟದ ಹೊತ್ತು ಮೀರಿಹೋಗಿ, ನಾವು ಬಾಳೆಹಣ್ಣು ತಿಂದು ಬಸ್ಸು ಹತ್ತಿದ್ದುಂಟು.

ನಾವಿಬ್ಬರೂ ಚಾಮರಾಜಪೇಟೆಯ ಒಂದು ಸರ್ಕಾರಿ ಕಚೇರಿಯಲ್ಲಿ ಎದುರುಬದುರು ಮೇಜಿನ ಗುಮಾಸ್ತರು. ನಾನು ಬಸವನಗುಡಿಯ ಅಯ್ಯಂಗಾರರ ಮನೆಯ ಬದರೀನಾರಾಯಣ. ಅವರು ಬಿನ್ನಿಪೇಟೆಯ ದಲಿತ ಕುಟುಂಬದವರು, ಗಿರಣಿಯಲ್ಲಿ ನೂಲು ತೆಗೆಯುತ್ತಲೇ ಬುದ್ಧನ ದಾರಿ ಹಿಡಿದ ಬೈರಯ್ಯನವರ ಮಗ. ಎಪ್ಪತ್ತನಾಲ್ಕರಿಂದ ಆರು ವರ್ಷ, ತಿಂಗಳ ಎರಡನೆಯ ಶನಿವಾರ ಬಂತೆಂದರೆ, ನಾವು ಬಸ್ಸು ಹಿಡಿದು ದಂಡಿನ, ಎಂದರೆ ಕಂಟೋನ್ಮೆಂಟಿನ ಕಡೆಗೆ, ಬ್ರಿಗೇಡ್ ರಸ್ತೆ, ಚರ್ಚ್ ಸ್ಟ್ರೀಟುಗಳ ಸುತ್ತಿನಲ್ಲಿ, ಪರದೇಶದ ಊಟ ಹುಡುಕಿಕೊಂಡು ಹೊರಡುತ್ತಿದ್ದೆವು. ಸಾರು, ಹುಳಿ, ಮೊಸರನ್ನದಲ್ಲಿ ಬೆಳೆದ ನನಗೆ ಅದು ಚಪಲ. ಅವರಿಗೆ ಅದು ವ್ರತ.

ಆ ವ್ರತಕ್ಕೊಂದು ಕೋಟು ಇತ್ತು. ಜಾಜಿಕಾಯಿಯ ಬಣ್ಣದ, ಯಾರೋ ದಪ್ಪ ಮನುಷ್ಯನಿಗೆ ಹೊಲಿದಂತಿದ್ದ, ನಗರ್ತಪೇಟೆಯ ಸಂದಿಯೊಂದರಲ್ಲಿ ಚೌಕಾಸಿ ಮಾಡಿ ಕೊಂಡ ಹಳೆಯ ಕೋಟು. ಮೇ ತಿಂಗಳ ಬಿಸಿಲಿನಲ್ಲೂ ಅದನ್ನು ಬಿಚ್ಚುತ್ತಿರಲಿಲ್ಲ. "ಕೋಟಿಲ್ದೆ ಹೋದ್ರೆ ಕೈ ತೊಳೆಯೋ ಜಾಗದ ಪಕ್ಕದ ಟೇಬಲ್ ಕೊಡ್ತಾರೆ ಸಾರ್," ಎಂದು ನಗುತ್ತಿದ್ದರು. ಒಳ್ಳೆಯ ಹೋಟೆಲನ್ನು ಗುರುತಿಸಲು ಅವರದೇ ಒಂದು ಶಾಸ್ತ್ರವಿತ್ತು. ಬೋರ್ಡಿನ ಮೇಲಿನ ಬೆಂಕಿ ಉಗುಳುವ ಸರ್ಪಕ್ಕೆ ಅವರು ಮರುಳಾಗುವವರಲ್ಲ. ಮಾಲೀಕನ ಮನೆಯ ಮುದುಕಿ ಮೂಲೆಯ ಮೇಜಿನಲ್ಲಿ ಕುಳಿತು ಅದೇ ಅಡುಗೆಯನ್ನು ಉಣ್ಣುತ್ತಿದ್ದಾಳೋ ಇಲ್ಲವೋ, ಅದೊಂದೇ ಅವರ ಪರೀಕ್ಷೆ. ಮನೆಯವರೇ ತಿನ್ನದ್ದನ್ನು ನಾವೇಕೆ ತಿನ್ನಬೇಕು ಎನ್ನುವುದು ಅವರ ತರ್ಕ. ಹೀಗೆ ಹುಡುಕಿ ಹುಡುಕಿ, ಒಬ್ಬ ಚೀನೀ ಮುದುಕನ ಆರೇ ಮೇಜಿನ ಹೋಟೆಲನ್ನೂ, ಮಹಡಿಯ ಮೇಲೆ ಹಬೆಯ ಕಡುಬು ಮಾಡುತ್ತಿದ್ದ ಟಿಬೆಟಿನ ದಂಪತಿಗಳನ್ನೂ ಅವರು ಕಂಡುಹಿಡಿದರು. ನಾನು ಉಪ್ಪಿನಕಾಯಿ ಕೇಳಿದರೆ ಮಾತ್ರ ಅವರಿಗೆ ಕೋಪ. "ಅವರೂಟಾನ ಅವರ ಥರಾನೇ ತಿನ್ಬೇಕು. ಇಲ್ದಿದ್ರೆ ಯಾಕೆ ಬರ್ಬೇಕು ಹೇಳಿ?" ನಾನು ಹೂಗುಟ್ಟಿ, ಮನೆಗೆ ಬಂದು ಕಳ್ಳನ ಹಾಗೆ ಒಂದು ತುತ್ತು ಮೊಸರನ್ನ ತಿಂದು ಮಲಗುತ್ತಿದ್ದೆ.

ನಾನು ಮಾಂಸ ತಿನ್ನುವವನಲ್ಲ. ಆ ಹೋಟೆಲುಗಳ ಬಾಣಲೆಯೋ, ಎಲ್ಲ ಪ್ರಾಣಿಗಳನ್ನೂ ಕಂಡ ಬಾಣಲೆ. ಚೀನೀ ಮುದುಕನಲ್ಲಿಗೆ ಎರಡನೆಯ ಸಲ ಹೋದಾಗ ಚಲುವರಾಜು ಕುಳಿತವರು ಎದ್ದು ಅಡುಗೆಮನೆಗೆ ಹೋದರು; ಬಹಳ ಹೊತ್ತಾಯಿತೆಂದು ನಾನು ಇಣುಕಿದರೆ, ಕೋಟಿನ ತೋಳನ್ನು ಮೊಣಕೈಯವರೆಗೆ ಮಡಚಿ, ನಲ್ಲಿಯ ಕೆಳಗೆ ಒಂದು ಬಾಣಲೆಯನ್ನು ತಾವೇ ಉಜ್ಜಿ ತೊಳೆಯುತ್ತಿದ್ದರು. ಚೀನೀ ಮುದುಕ ಸೊಂಟದ ಮೇಲೆ ಕೈಯಿಟ್ಟು ನಗುತ್ತಿದ್ದ. ನನಗೆ ಸಂಕೋಚವಾಗಿ ಬೇಡವೆಂದೆ. "ಇರ್ಲಿ ಬಿಡಿ ಸಾರ್, ನೀವು ನೆಮ್ಮದಿಯಾಗಿ ತಿನ್ಬೇಕಲ್ವಾ?" ಎಂದರು. ಆರು ವರ್ಷವೂ ಅವರು ನನಗಾಗಿ ಬಾಣಲೆ ತೊಳೆದರು. ಎರಡು ವರ್ಷ ಕಳೆಯುವಷ್ಟರಲ್ಲಿ ನನ್ನ ಸಂಕೋಚವೂ ಕಳೆದುಹೋಗಿತ್ತು.

ಒಮ್ಮೆ ಕೇಳಿದ್ದೆ, ನಮ್ಮ ಪೇಟೆಯಲ್ಲೇ ಇಷ್ಟು ಒಳ್ಳೆಯ ಹೋಟೆಲುಗಳಿರುವಾಗ ಇಷ್ಟು ದೂರ ಬರುವ ಹುಚ್ಚೇಕೆ ಎಂದು. ಅವರು ತಟ್ಟೆಯಿಂದ ತಲೆಯೆತ್ತದೆ ಹೇಳಿದರು: "ಇಲ್ಲಿ ಏನು ಬೇಕು ಅಂತ ಮಾತ್ರ ಕೇಳ್ತಾರೆ ಸಾರ್. ಯಾರು ಅಂತ ಕೇಳಲ್ಲ." ನಾನು ಅದನ್ನು ಒಂದು ಚಮತ್ಕಾರದ ಮಾತೆಂದು ಮೆಚ್ಚಿ, ಮಾರನೆಯ ದಿನ ಕಚೇರಿಯಲ್ಲಿ ನಾಲ್ಕು ಜನಕ್ಕೆ ಹೇಳಿದೆ. ಓದಿಕೊಂಡವನೆಂಬ ಹೆಸರು ಬೇರೆ ನನಗೆ.

ಎಂಬತ್ತನೆಯ ಇಸವಿಯಲ್ಲಿ ನನಗೆ ಕಾಮಾಲೆಯಾಗಿ ಮೂರು ವಾರ ಹಾಸಿಗೆ ಹಿಡಿದೆ. ಒಂದು ಭಾನುವಾರ ಬೆಳಗ್ಗೆ ಕದ ತಟ್ಟಿದ ಸದ್ದಾಗಿ ನಾನೇ ಎದ್ದು ತೆರೆದರೆ, ಕೋಟು ತೊಟ್ಟು ಚಲುವರಾಜು ನಿಂತಿದ್ದರು. ಕೈಯಲ್ಲಿ ಹೊಚ್ಚಹೊಸ ಸ್ಟೀಲಿನ ಕ್ಯಾರಿಯರು. ಹಿಂದಿನ ದಿನವೇ ದಂಡಿಗೆ ಹೋಗಿ ಚೀನೀ ಮುದುಕನಿಗೆ ಹೇಳಿ ಬಂದು, ಬೆಳಗ್ಗೆ ಮತ್ತೆ ಹೋಗಿ, ಎಣ್ಣೆಯಿಲ್ಲದ, ಬರೀ ತರಕಾರಿಯ ತಿಳಿಯಾದ ಸೂಪು ಮಾಡಿಸಿ ತಂದಿದ್ದರು. "ಕ್ಯಾರಿಯರ್ ಹೊಸದು ಸಾರ್, ಯಾರೂ ಉಪಯೋಗಿಸಿಲ್ಲ," ಎಂದು ಅವರೇ ಮುಂದಾಗಿ ಹೇಳಿದರು. ಆರು ವರ್ಷದ ಸ್ನೇಹದಲ್ಲಿ ಅವರು ನಮ್ಮ ಮನೆಗೆ ಬಂದದ್ದು ಅದೇ ಮೊದಲು. ನಾನು ಕರೆದೇ ಇರಲಿಲ್ಲ.

ಒಳಗೆ ನನ್ನ ತಾಯಿ ಆಂಡಾಳ್ ಮಡಿಯುಟ್ಟು ಅಡುಗೆ ಮಾಡುತ್ತಿದ್ದಳು. ನಾನು ಬಾಗಿಲಿಗೆ ಅಡ್ಡ ನಿಂತು, ತಗ್ಗಿದ ದನಿಯಲ್ಲಿ, "ಇಲ್ಲೇ ಜಗಲೀಲಿ ಕೂತ್ಕೊಳೋಣ ಚಲುವರಾಜು. ಅಮ್ಮಂದು ಸ್ವಲ್ಪ ಮಡಿ ಜಾಸ್ತಿ, ಏನೂ ತಿಳ್ಕೋಬೇಡಿ," ಎಂದೆ. ಅವರು ತಕ್ಷಣ ಎರಡು ಹೆಜ್ಜೆ ಹಿಂದೆ ಸರಿದರು. ಹೆಂಡತಿ ಚೂಡಾಮಣಿ ಕಾಫಿಗೆ ಬೆಳಗಿದ ಹಿತ್ತಾಳೆ ಲೋಟ ತೆಗೆದಿದ್ದಳು. ನಾನು ಕಣ್ಣಿನಲ್ಲೇ ಬೇಡವೆಂದೆ. ಹಿತ್ತಲಿನ ಗೂಡಿನಲ್ಲಿ ಕಸಮುಸುರೆಯ ಹನುಮಕ್ಕನಿಗೆಂದೇ ಇಟ್ಟ ಒಂದು ಗಾಜಿನ ಲೋಟವಿತ್ತು. ಕುಡಿದವರೇ ಅದನ್ನು ತೊಳೆದು ಕವುಚಿಡುವುದು ನಮ್ಮ ಕೇರಿಯ ಎಷ್ಟೋ ಮನೆಗಳ ರೂಢಿ. ಅದನ್ನು ಗೂಡಿನಿಂದ ತೆಗೆದವನು ನಾನು. ಬೇರೆ ಯಾರ ಕೈಯೂ ಅಲ್ಲ, ನನ್ನ ಕೈ.

ಅವರು ಲೋಟವನ್ನೊಮ್ಮೆ ನೋಡಿದರು. ನನ್ನ ಕಣ್ಣಿನ ಹಳದಿ ಇಳಿದಿದೆಯೆಂದರು, ಕಬ್ಬಿನ ಹಾಲು ಕುಡಿಯಿರೆಂದರು, ಕಾಫಿ ಚೆನ್ನಾಗಿದೆಯೆಂದರು. ಆಮೇಲೆ ಎದ್ದು, ಅಂಗಳದ ನಲ್ಲಿಯ ಹತ್ತಿರ ಹೋಗಿ, ಕೋಟಿನ ತೋಳು ಮಡಚಿ, ಲೋಟ ತೊಳೆದು, ಕಾಂಪೌಂಡಿನ ಕಟ್ಟೆಯ ಮೇಲೆ ಕವುಚಿಟ್ಟರು. ಯಾರೂ ಹೇಳಿಕೊಡಬೇಕಾಗಿರಲಿಲ್ಲ, ಅವರಿಗೆ ಗೊತ್ತಿತ್ತು. ಚೀನೀ ಅಡುಗೆಮನೆಯಲ್ಲಿ ನನಗಾಗಿ ಬಾಣಲೆ ತೊಳೆದಾಗ ನೋಡಿದ್ದ ಅದೇ ಬೆನ್ನು. "ಬರ್ತೀನಿ ಸಾರ್, ರೆಸ್ಟ್ ತಗೊಳಿ," ಎಂದು ಗೇಟು ಎಳೆದುಕೊಂಡು ಹೋದರು.

ಅವರು ತಂದ ಸೂಪನ್ನು ನಾನು ಬಿಸಿ ಮಾಡಿಸಿ ಕುಡಿದೆ. ಇದನ್ನೂ ಹೇಳಿಬಿಡಬೇಕು. ರುಚಿಯಾಗಿತ್ತು.

ಅಮ್ಮ ಹೊಸ್ತಿಲ ಬಳಿ ಬಂದು ನಿಂತಳು. ಅವಳಿಗೆ ಎಲ್ಲವೂ ಕೇಳಿಸಿತ್ತು.

"ಯಾಕೋ ಬದರಿ, ನನ್ನ ಹೆಸರು ಯಾಕೆ ಹೇಳ್ದೆ?"

ನಾನು ಖಾಲಿ ಕ್ಯಾರಿಯರಿನ ಮುಚ್ಚಳ ಹಾಕತೊಡಗಿದೆ.

"ನನ್ನ ಮಡಿ ನನ್ನ ಒಲೆ ಹತ್ರ ಇರತ್ತೆ. ನಡುಮನೇಲಿ ಕೂರಿಸ್ಬೇಡ ಅಂತ ಹೇಳಿದ್ನಾ ನಾನು? ಹನುಮಕ್ಕನ ಲೋಟ ಕೊಡು ಅಂದ್ನಾ? ಅವರು ತಂದದ್ದು ನಿನ್ನ ಹೊಟ್ಟೆಗಾಗತ್ತೆ, ನಮ್ಮ ಲೋಟ ಅವರ ಕೈಗಾಗಲ್ವೇನೋ?"

ಕೇಳಿದ್ದರೆ ಅಮ್ಮ ಏನೆನ್ನುತ್ತಿದ್ದಳೋ ನನಗೆ ಇಂದಿಗೂ ಗೊತ್ತಿಲ್ಲ. ಬೇಡವೆಂದೇ ಹೇಳುತ್ತಿದ್ದಳೇನೋ. ಆದರೆ ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ನನ್ನೊಳಗೆ ಇದ್ದದ್ದನ್ನು ಮುದುಕಿಯ ತಲೆಗೆ ಕಟ್ಟಿ ನಾನು ಸಜ್ಜನನಾಗಿ ಉಳಿಯಲು ನೋಡಿದೆ. ಆ ಹೊತ್ತು ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

ಕಚೇರಿಗೆ ಮರಳಿದಾಗ ಚಲುವರಾಜು ಎಂದಿನಂತೆ ನಕ್ಕರು, ಬಾಕಿ ಬಿದ್ದ ನನ್ನ ಕಡತಗಳನ್ನೆಲ್ಲ ಅವರೇ ಮುಗಿಸಿಟ್ಟಿದ್ದರು. ಎರಡನೆಯ ಶನಿವಾರ ಮಾತ್ರ ಅವರಿಗೆ ಕೆಲಸವಿತ್ತು. ಮುಂದಿನ ತಿಂಗಳೂ ಕೆಲಸವಿತ್ತು. ನಾಲ್ಕನೆಯ ಸಲ ನಾನು ಕೇಳುವುದನ್ನು ಬಿಟ್ಟೆ. ಲೋಟ ಕೊಟ್ಟವನು ನಾನೇ, ಅಮ್ಮನಲ್ಲ ಎಂಬ ಒಂದು ವಾಕ್ಯವನ್ನು ಎದುರು ಮೇಜಿಗೆ ದಾಟಿಸಲು ನನಗೆ ಎರಡು ವರ್ಷ ಸಾಲದಾಯಿತು. ಅಷ್ಟರಲ್ಲಿ ಅವರಿಗೆ ವರ್ಗವಾಯಿತು.

ಎಂಬತ್ತಾರರಲ್ಲಿ, ಚರ್ಚ್ ಸ್ಟ್ರೀಟಿನಲ್ಲಿ, ಇಟಲಿಯ ಊಟದ ಒಂದು ಹೊಸ ಹೋಟೆಲಿನ ಎದುರು, ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಿಂತಿದ್ದ ಅವರನ್ನು ಕಂಡೆ. ಜೊತೆಯಲ್ಲಿ ಅವರ ಹೆಂಡತಿ ಪಾರ್ವತಮ್ಮ. ತಪ್ಪಿಸಿಕೊಳ್ಳೋಣವೆಂದುಕೊಳ್ಳುವಷ್ಟರಲ್ಲಿ ಅವರೇ ಕೂಗಿ ಕರೆದು, "ಇವರೇ ಬದ್ರಿ ಸಾರ್, ಹೇಳ್ತಿರ್ತೀನಲ್ಲ," ಎಂದು ಆಕೆಗೆ ಪರಿಚಯ ಮಾಡಿಕೊಟ್ಟರು. ಆಕೆ ಕೈಮುಗಿದು, "ಜೊತೇಲಿ ಊಟ ಮಾಡಿದ್ದೆಲ್ಲಾ ಇವತ್ತಿಗೂ ನೆನೀತಿರ್ತಾರೆ," ಎಂದರು. ಚಲುವರಾಜು ನನ್ನ ಕಡೆ ತಿರುಗಿದರು.

"ಅಮ್ಮನವರು ಹೇಗಿದಾರೆ ಸಾರ್?"

"ಹೋಗ್ಬಿಟ್ರು. ಹೋದ ಕಾರ್ತೀಕದಲ್ಲಿ."

ಅವರು ನಿಜವಾಗಿಯೂ ನೊಂದುಕೊಂಡರು. ನನಗೆ ಸಮಾಧಾನ ಹೇಳುವ ದನಿಯಲ್ಲಿ, "ಅವತ್ತಿನದು ನೀವೇನೂ ಮನಸ್ನಲ್ಲಿ ಇಟ್ಕೋಬೇಡಿ. ಹಳೇ ಕಾಲದವರು, ಅವರ ನಂಬಿಕೆ ಅವರಿಗೆ. ಅಮ್ಮನವರ ಮೇಲೆ ನಂಗೆ ಯಾವತ್ತೂ ಬೇಜಾರಿಲ್ಲ," ಎಂದರು.

ಹೇಳಬಹುದಾಗಿತ್ತು. ಬೀದಿಯಲ್ಲಿ ನಮ್ಮನ್ನು ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ, ಅಮ್ಮನೂ ಇರಲಿಲ್ಲ. "ಹೌದು," ಎಂದೆ ನಾನು, "ಹಳೇ ಕಾಲದವರು."

ಚಲುವರಾಜುವಿನಂಥವರು ಊರು ತಮಗೆ ಕೊಡದ ಜಾಗವನ್ನು ರಂಪ ಮಾಡದೆ ಹುಡುಕಿಕೊಳ್ಳುತ್ತಾರೆ, ಹುಡುಕಿದಲ್ಲಿಗೆ ನಮ್ಮನ್ನೂ ಕರೆದೊಯ್ಯುತ್ತಾರೆ, ನಾವು ನೋಯಿಸಿದರೆ ಅದಕ್ಕೊಂದು ಕಾರಣವನ್ನೂ ತಾವೇ ಒದಗಿಸಿ ಕ್ಷಮಿಸುತ್ತಾರೆ. ಅಷ್ಟು ದೊಡ್ಡ ಮನಸ್ಸಿನ ಎದುರು ನಿಜ ಹೇಳುವುದೊಂದೇ ನಮ್ಮ ಪಾಲಿಗೆ ಉಳಿದ ಕೆಲಸ. ನಮ್ಮಂಥವರು ಅದನ್ನೂ ಮಾಡದೆ, ಅವರ ಕ್ಷಮೆಯನ್ನು ಸತ್ತವರ ಹೆಸರಿನಲ್ಲಿ ಈಸಿಕೊಂಡು ಮನೆಗೆ ಬರುತ್ತೇವೆ.