ಲೆಕ್ಕ ಕೂಡುವ ಹೊತ್ತು

ನನ್ನ ತಮ್ಮ ಜವರಯ್ಯನ ಬಟ್ಟೆ ನಂಜನಗೂಡಿನ ಸ್ನಾನಘಟ್ಟದ ಮೆಟ್ಟಿಲ ಮೇಲಿದೆ, ಅವನಿಲ್ಲ ಎಂಬ ಸುದ್ದಿ ನಮ್ಮೂರು ದೇವನೂರಿಗೆ ಬಂದದ್ದು ಸೋಮವಾರ ಬೆಳಿಗ್ಗೆ. ಕಪಿಲೆ ತುಂಬಿ ಹರಿಯುತ್ತಿದ್ದಳು. ಮರುದಿನ ಸಂಜೆ ಅಣೆಕಟ್ಟಿನಿಂದ ಇನ್ನಷ್ಟು ನೀರು ಬರುತ್ತದೆ, ಆಮೇಲೆ ದೋಣಿ ಇಳಿಸಲಾಗದು ಎಂದು ಅಗ್ನಿಶಾಮಕದವರು ತಿಳಿಸಿದರು. ಇದ್ದದ್ದು ಒಂದೇ ದೋಣಿ. ಹುಡುಕಬೇಕಾದದ್ದು ತಿ. ನರಸೀಪುರದ ಸಂಗಮದವರೆಗಿನ ಹೊಳೆ. ಸತ್ತವರನ್ನು ನಾವು ಹೊಲದಲ್ಲಿ ಹಿರಿಯರ ಪಕ್ಕ ಮಣ್ಣು ಮಾಡುತ್ತೇವೆ. ಹೆಣ ಕಾಣುವವರೆಗೆ ಅವನ ಹೆಂಡತಿ ವನಜಾಕ್ಷಿ ಅಳಲೂ ಒಪ್ಪಲಿಲ್ಲ.

ಅವನ ಮಗಳು ಕವನ ಮೈಸೂರಿನಲ್ಲಿ ಸಂಖ್ಯಾಶಾಸ್ತ್ರದ ಸಂಶೋಧನೆ ಮಾಡುವವಳು. ಮಂಗಳವಾರ ಬೆಳಿಗ್ಗೆ ಹೊಳೆದಡದ ಮಂಟಪದಲ್ಲಿ ಲ್ಯಾಪ್‌ಟಾಪ್ ತೆರೆದು ಕುಳಿತಳು. ಒಂದೊಂದು ಮಡುವನ್ನೂ ಒಂದು ಗಂಟಾಗಿಸಿ, ಒಂದರಿಂದ ಇನ್ನೊಂದಕ್ಕೆ ದೇಹ ಸಾಗುವ ಸಂಭವವನ್ನು ದಾರದಂತೆ ಕಟ್ಟಿದ್ದಳು. ಆ ಬಲೆಯೊಳಗೆ ಯಂತ್ರ ಚೀಟಿ ಎತ್ತಿದ ಹಾಗೆ ಒಂದಾದ ಮೇಲೊಂದು ಊಹೆ ಎತ್ತುತ್ತದೆ. ಮೊದಲ ಊಹೆಗಳು ಶುರುಮಾಡಿದ ಜಾಗಕ್ಕೇ ಅಂಟಿಕೊಳ್ಳುತ್ತವಂತೆ. ಅದಕ್ಕೇ ಲೆಕ್ಕದ ಒಂದು ಓಟವನ್ನು ನಂಜನಗೂಡಿನಿಂದ, ಇನ್ನೊಂದನ್ನು ನರಸೀಪುರದಿಂದ ಹೊರಡಿಸಿದ್ದಳು. ಎರಡೂ ಒಂದೇ ಮಡುವನ್ನು ತೋರಿಸಿದರೆ ಮಾತ್ರ ನಂಬಬಹುದು ಎಂದಳು.

"ಎಷ್ಟೊತ್ತಾದದವ್ವ?" ಎಂದ ಅವಳ ಸೋದರಮಾವ ದೇವಯ್ಯ.

"ಮಧ್ಯಾಹ್ನದೊಳಗೆ ಎರಡೂ ಕೂಡ್ತವೆ ಮಾವ."

"ಗಂಡಿನ ಕಡೆಯೋರು, ಎಣ್ಣಿನ ಕಡೆಯೋರೇ ಇಷ್ಟ್ರೊಳಗೆ ಒಪ್ಕೊಬುಡ್ತಿದ್ರು ಕಣವ್ವ."

ಯಾರೂ ನಗಲಿಲ್ಲ. ಅವಳ ಮಾತಿನ ಮೇಲೆ ದೋಣಿಯನ್ನು ದಡದಲ್ಲೇ ನಿಲ್ಲಿಸಿಕೊಂಡು ಕಾದೆವು.

ಮಧ್ಯಾಹ್ನ ಕಳೆಯಿತು. ಒಂದು ಓಟ ನಂಜನಗೂಡಿನ ಕೆಳಗಿನ ಮಡುವನ್ನು ಬಿಡಲಿಲ್ಲ, ಇನ್ನೊಂದು ಸಂಗಮದ ಜೊಂಡನ್ನು ಬಿಡಲಿಲ್ಲ.

"ನನ್ನ ಅಂದಾಜು ತಪ್ಪಾಯ್ತು ದೊಡ್ಡಪ್ಪ," ಎಂದಳು ಕವನ. "ನಡುವೆ ಸೆಳೆತ ಜೋರು, ಅಪ್ಪ ತಂಗೋ ಜಾಗವೇ ಇಲ್ಲ. ಅದನ್ನ ದಾಟಿ ಆ ಕಡೆ ಈ ಕಡೆ ಓಡಾಡೋಕೆ ಈ ಲೆಕ್ಕಕ್ಕೆ ದಿನಗಟ್ಟಲೆ ಬೇಕು. ಮೊದ್ಲೇ ನೋಡ್ಕೋಬೇಕಿತ್ತು."

"ಈಗ ಎಲ್ಲಿಗೋಗದು, ಅದೇಳು," ಎಂದ ದೇವಯ್ಯ.

ದೋಣಿಯವರೂ ಅವಳನ್ನೇ ನೋಡುತ್ತಿದ್ದರು. ಲ್ಯಾಪ್‌ಟಾಪ್ ಮುಚ್ಚಿ, "ಸಂಗಮ" ಎಂದಳು.

ದೋಣಿಯನ್ನು ಲಾರಿಗೆ ಹೇರಿಕೊಂಡು ಹೋದೆವು. ಜೊಂಡಿನಲ್ಲಿ ಏನೂ ಇರಲಿಲ್ಲ. ಅಷ್ಟರಲ್ಲಿ ನೀರು ಏರತೊಡಗಿತು, ದೋಣಿಯನ್ನು ಮೇಲಕ್ಕೆಳೆದರು. ನೀರು ಇಳಿದ ಮೇಲೂ ಹುಡುಕಿದರು, ಸಿಗಲಿಲ್ಲ. ಅವನಿಗೆಂದು ತೋಡಿದ್ದ ಗುಂಡಿಯನ್ನು ಬರಿದೇ ಮುಚ್ಚಿದೆವು.

ಕವನ ಅನ್ನ ಮುಟ್ಟಲಿಲ್ಲ. ವನಜಾಕ್ಷಿ ತಟ್ಟೆ ಹಿಡಿದು ಅವಳ ಮುಂದೆ ಕುಳಿತಳು. "ನೀನು ಮಡು ಅಂದಿದ್ರೆ ಅಲ್ಲಿ ಸಿಕ್ಬುಡ್ತಿದ್ನಾ? ಯಾರು ಕಂಡೋರು. ಬಾಯ್ ತಗಿ." ಆಗಲೇ ವನಜಾಕ್ಷಿಯ ಕಣ್ಣಲ್ಲಿ ನೀರು ಬಂದದ್ದು.

ಶ್ರೀಕಂಠೇಶ್ವರಾ, ನನ್ನ ತಮ್ಮ ಎಲ್ಲಿದ್ದಾನೆಂದು ನೀನೊಬ್ಬ ಬಲ್ಲೆ. ಮಣ್ಣು ಕಾಣದ ಆ ಜೀವವನ್ನು ನಿನ್ನ ಪಾದದಲ್ಲಿ ನೆಮ್ಮದಿಯಾಗಿಡು ತಂದೆ.