ಒಂದು ಹೆಣ, ಎರಡು ಗುಂಡಿ

ಅಸಜಿಲೆ ಸೊಂಟದಾಳದವರೆಗೆ ಗುಂಡಿ ತೋಡಿದ್ದ. ನೀರಿನ ತಂಬಿಗೆ ಹಿಡಿದು ಬಂದ ಅವನ ಹೆಂಡತಿ ಸೆಕೆಲಾ ಅದನ್ನು ಕೊಡುವುದನ್ನೂ ಮರೆತು ಹೊಳೆಯಾಚೆ ನೋಡುತ್ತ ನಿಂತುಬಿಟ್ಟಳು.

"ರೀ, ಅಲ್ಲೂ ತೋಡ್ತಿದಾರೆ."

ಅಸಜಿಲೆ ಗುದ್ದಲಿ ಊರಿ ತಲೆಯೆತ್ತಿದ. ಸೋಂಗ್ವೆ ಹೊಳೆಯ ಆಚೆ ದಡದಲ್ಲಿ, ಮಾವಿನ ಮರದ ಕೆಳಗೆ, ಹಸಿಮಣ್ಣಿನ ಗುಡ್ಡೆ ಎದ್ದಿತ್ತು. ಪಕ್ಕದಲ್ಲಿ ಚಿಕ್ಕಪ್ಪ ಅಂಬಕಿಸ್ಯೆ ಅಂಗಿ ಬಿಚ್ಚಿ ನಿಂತಿದ್ದ.

"ಚಿಕ್ಕಪ್ಪಾ, ಏನದು?"

"ಕಣ್ಣು ಕಾಣಲ್ವೇನೋ? ಅತ್ತಿಗೆಗೆ ಜಾಗ ಮಾಡ್ತಿದೀನಿ. ಅಣ್ಣನ ಪಕ್ಕ."

"ಅಮ್ಮ ಸತ್ತಿದ್ದು ಇಲ್ಲಿ, ಮಲಾವಿಯಲ್ಲಿ."

"ಸತ್ತಿದ್ದು ಅಲ್ಲಿ. ಗಂಡ ಮಲಗಿರೋದು ಇಲ್ಲಿ, ಟಾಂಜಾನಿಯಾ ದಡದಲ್ಲಿ. ನನ್ನನ್ಯಾಕೆ ಕೇಳ್ತೀಯ, ಹೊಳೇನ ಕೇಳು."

ಬಾಳೆಯ ನೆರಳಲ್ಲಿ ಕೂತಿದ್ದ ಗಂಡಸರು ನಕ್ಕುಬಿಟ್ಟರು. ಸಾವಿನ ಮನೆಯೆಂದು ನೆನಪಾಗಿ ಕೆಮ್ಮಿದರು. ಆದರೆ ಮನಸ್ಸಿನಲ್ಲಿ ಎಲ್ಲರಿಗೂ ಅಳುಕು. ತೋಡಿದ ಗುಂಡಿ ಬರಿದಾಗಿ ಉಳಿಯಬಾರದು, ಉಳಿದರೆ ಮನೆಯವರಲ್ಲೇ ಇನ್ನೊಬ್ಬರನ್ನು ಕರೆಯುತ್ತದೆ. ಈಗ ಗುಂಡಿ ಎರಡು, ಒಳಗೆ ಚಾಪೆಯ ಮೇಲೆ ಮಲಗಿದ ಅಮ್ಮ ಸುಬಿಲಗ ಒಬ್ಬಳೇ.

* * *

ಸೆಕೆಲಾಳ ಮಾವ, ಸುಬಿಲಗಳ ಗಂಡ ಗ್ವಾಕಿಸ ತೀರಿಕೊಂಡಾಗ ಆ ಮಾವಿನ ಮರ ಇವರ ಹಿತ್ತಲಲ್ಲೇ ಇತ್ತು. ಹೊಳೆ ಅದಕ್ಕೂ ಆಚೆ ಹರಿಯುತ್ತಿತ್ತು. ಮರದ ಬುಡದಲ್ಲಿ ಅವನನ್ನು ಮಣ್ಣು ಮಾಡಿದರು. ಮುಂದಿನ ಮಳೆಗಾಲದಲ್ಲಿ ಸೋಂಗ್ವೆ, ತನ್ನ ಹಳೆಯ ಚಾಳಿಯಂತೆ, ಪಾತ್ರ ಬದಲಿಸಿ ಮನೆಗೂ ಮರಕ್ಕೂ ನಡುವೆ ನುಗ್ಗಿಬಿಟ್ಟಿತು. ಬೆಳಿಗ್ಗೆ ಪೊರಕೆ ಹಿಡಿದು ಹಿತ್ತಲಿಗೆ ಬಂದ ಸುಬಿಲಗ ಬಹಳ ಹೊತ್ತು ಕೆಂಪು ನೀರನ್ನು ನೋಡಿದಳು.

"ಸೆಕೆಲಾ, ಬಾ ಇಲ್ಲಿ. ನಿನ್ನ ಮಾವ ದೇಶ ಬಿಟ್ಟು ಹೋದ್ರು ನೋಡು."

ಆಮೇಲೆ ಎರಡೂ ದೇಶ ಸೇರಿ ಹೊಳೆಗೊಂದು ಆಯೋಗ ಮಾಡಿದವು. ಹೊರದೇಶದ ಬ್ಯಾಂಕುಗಳು ಸಾಲ ಕೊಡಲು ಮುಂದೆ ಬಂದವು. ಹೊಳೆಗೆ ಕಲ್ಲು ಕಟ್ಟಿ, ಬಿದಿರು ನೆಟ್ಟು, ಅದು ಇನ್ನು ಅಲುಗದಂತೆ ಮಾಡುವುದು, ಗಡಿಕಲ್ಲು ಹಾಕುವುದು ಯೋಜನೆ. ಶಾಲೆಯಲ್ಲಿ ಸಭೆ ನಡೆದಾಗಲೆಲ್ಲ ಸುಬಿಲಗ ಮುಂದಿನ ಕುರ್ಚಿ ಹಿಡಿದು ಕೂರುತ್ತಿದ್ದಳು. ಕೈಯೆತ್ತಿ ಕೇಳುತ್ತಿದ್ದುದು ಅದೊಂದೇ ಮಾತು.

"ಸಾಹೇಬ್ರೆ, ಗಡಿ ಇರೋದು ಹಳೇ ಹೊಳೆಯಲ್ಲೋ, ಹೊಸ ಹೊಳೆಯಲ್ಲೋ?"

ಹಳೆಯದರಲ್ಲಿ ಎಂದು ಈ ದೇಶದವರು. ಹೊಸದರಲ್ಲಿ ಎಂದು ಆ ದೇಶದವರು. ಅಲ್ಲಿಂದ ಶುರುವಾದ ವಾದ ಊಟದ ಹೊತ್ತಿಗೂ ಮುಗಿಯುತ್ತಿರಲಿಲ್ಲ. ಮುಂದಿನ ಸಭೆಯಲ್ಲಿ ನೋಡೋಣ ಎಂದು ಏಳುತ್ತಿದ್ದರು. ಸುಬಿಲಗ ಅನ್ನ, ಮೀನು ಉಂಡು ತೃಪ್ತಿಯಿಂದ ಮನೆಗೆ ಹೊರಡುತ್ತಿದ್ದಳು.

"ಉತ್ತರಾನೇ ಸಿಗಲಿಲ್ಲ. ನಿಮಗ್ಯಾಕತ್ತೆ ಇಷ್ಟು ಖುಷಿ?" ದಾರಿಯಲ್ಲಿ ಸೆಕೆಲಾ ಕೇಳಿದ್ದಳು.

"ಮೀನು ಚೆನ್ನಾಗಿತ್ತು."

ಇಷ್ಟೇ ಆಗಿರಲಾರದು ಎಂದು ಸೆಕೆಲಾಗೆ ಆಗಲೂ ಅನ್ನಿಸಿತ್ತು. ಆದರೆ ಅತ್ತೆಯ ಬಾಯಿ ಬಿಡಿಸುವುದು ಯಾರಿಂದಲೂ ಆಗದ ಕೆಲಸ.

* * *

ಬಿಸಿಲೇರುವ ಹೊತ್ತಿಗೆ ಒಂದು ಲಾರಿ ಬಂದು ಅಂಗಳದ ಹೊರಗೆ ನಿಂತಿತು. ಮೇಲೆ ಸಿಮೆಂಟಿನ ಗಡಿಕಲ್ಲುಗಳು. ಆಯೋಗದ ಇಂಜಿನಿಯರ್ ಕಯೂನಿ ಇಳಿದವನು ಅಳುವ ದನಿ ಕೇಳಿ ಟೋಪಿ ತೆಗೆದ.

"ಯಾರು ಹೋದ್ರು?"

"ಅತ್ತೆ," ಎಂದಳು ಸೆಕೆಲಾ.

"ಸುಬಿಲಗಮ್ಮನಾ?" ಕಯೂನಿ ಅಲ್ಲೇ ಬೆಂಚಿನ ಮೇಲೆ ಕೂತ. ಕಲ್ಲುಗಳ ಕಡೆ ನೋಡಿದ, ಹೊಳೆ ನೋಡಿದ, ತಲೆಯಾಡಿಸಿದ. "ಗಡಿ ಹೊಸ ಹೊಳೆಯಲ್ಲೇ ಅಂತ ಎರಡೂ ಕಡೆಯವರು ಕೊನೆಗೂ ಒಪ್ಪಿದ್ರು. ಇವತ್ತು ಇಲ್ಲಿ ಕಲ್ಲು ನೆಡೋಕೆ ಬಂದೆ. ಎಂಥ ಮುದುಕಿ. ಕಲ್ಲು ನೆಡೋವರೆಗೆ ತೀರ್ಮಾನ ಜಾರಿಯಿಲ್ಲ, ಸರಿಯಾದ ಹೊತ್ತು ನೋಡಿಕೊಂಡೇ ಹೋದ್ಲು."

"ಯಾಕೆ ಹಾಗಂತೀರಿ?"

"ನಿಮಗೆ ಹೇಳಿಲ್ವಾ? ಒಂದಿನ ನನ್ನ ಆಫೀಸಿಗೆ ಬಂದಿದ್ಲು. ತೀರ್ಮಾನ ಆಗೋವರೆಗೆ ಆ ಮಾವಿನ ಮರ ಯಾರದು ಅಂದ್ಲು. ಸದ್ಯಕ್ಕೆ ಯಾರದೂ ಅಲ್ಲಮ್ಮ ಅಂದೆ. ಹಾಗಾದ್ರೆ ಅಲ್ಲಿಗೆ ಹೆಣ ಹೊತ್ಕೊಂಡು ಹೋಗೋಕೆ ಯಾರ ಅಪ್ಪಣೆ ಬೇಕು ಅಂದ್ಲು. ಯೋಚನೆ ಮಾಡಿದೆ. ಯಾರದೂ ಬೇಡ ಅಂದೆ. 'ಹಾಗಿದ್ರೆ ನಾನು ಸಾಯೋವರೆಗೂ ಜಗಳ ಆಡ್ತಾ ಇರಿ ಸಾಹೇಬ್ರೆ' ಅಂತ ಹೇಳಿ ಎದ್ದು ಹೋದ್ಲು."

ಸೆಕೆಲಾಗೆ ನಗು ಬಂತು. ನಗುತ್ತ ನಗುತ್ತಲೇ ಅಳು ಒತ್ತರಿಸಿ ಬಂತು. ಬೆಳಗಿನಿಂದ ಬಾರದಿದ್ದ ಅಳು. ಅಷ್ಟು ದೊಡ್ಡ ದೊಡ್ಡವರನ್ನೆಲ್ಲ ಒಂದು ಪ್ರಶ್ನೆ ಹಾಕಿ ಕೂರಿಸಿ, ಮೀನು ಉಂಡು ಬರುತ್ತಿದ್ದ ಅತ್ತೆಯ ಮೇಲೆ ಅವಳಿಗೆ ತಡೆಯಲಾರದ ಪ್ರೀತಿ ಉಕ್ಕಿತು.

ಅಸಜಿಲೆ ಗುಂಡಿಯಿಂದ ಮೇಲೆ ಬಂದಿದ್ದ. "ಅಮ್ಮನಿಗೇನೋ ಸರಿಹೋಯ್ತು. ನನ್ನ ಗತಿ? ಇವತ್ತೋ ನಾಳೆಯೋ ನೀವು ಕಲ್ಲು ನೆಡ್ತೀರಿ. ಆಮೇಲೆ ಅಪ್ಪ ಅಮ್ಮ ಇಬ್ಬರೂ ಪರದೇಶದವರು. ಗೋರಿ ಮೇಲಿನ ಹುಲ್ಲು ಕೀಳೋಕೂ ನಾನು ಠಾಣೆಯಲ್ಲಿ ಚೀಟಿ ಬರೆಸ್ಕೋಬೇಕು. ಅದಕ್ಕೇ ಇಲ್ಲಿ ತೋಡಿದ್ದು."

"ಸಭೆಯಲ್ಲಿ ಇದನ್ನ ಯಾರೂ ಕೇಳಿಲ್ಲ," ಎಂದ ಕಯೂನಿ.

"ಮುಂದಿನ ಸಭೆ ಯಾವಾಗ?" ಸೆಕೆಲಾ ಸೆರಗಿನಿಂದ ಮುಖ ಒರೆಸಿಕೊಂಡಳು. "ಅತ್ತೆ ಕುರ್ಚಿ ಖಾಲಿ ಇಟ್ಟಿರಿ. ನಾನು ಕೇಳ್ತೀನಿ. ಉತ್ತರ ಸಿಗೋವರೆಗೂ ಕೇಳ್ತೀನಿ."

ಕಯೂನಿ ಅವಳನ್ನು ನೋಡಿದ. ಬಗ್ಗಿ ಷೂ ಬಿಚ್ಚತೊಡಗಿದ. "ಸಾವಿನ ದಿನ ಕಲ್ಲು ನೆಡೋದು ಬೇಡ. ಆಚೆ ದಡಕ್ಕೆ ಹೊರೋಕೆ ನಾನೂ ಒಂದು ಕಡೆ ಹೆಗಲು ಕೊಡ್ತೀನಿ."

ಅಸಜಿಲೆ ಗುದ್ದಲಿ ಕೆಳಗೆ ಹಾಕಿ ಅಮ್ಮನನ್ನು ತರಲು ಒಳಗೆ ಹೋದ.

* * *

ಹೊಳೆಯಲ್ಲಿ ನೀರು ಎದೆಮಟ್ಟಕ್ಕಿತ್ತು. ಚಾಪೆ ಸುತ್ತಿದ ಸುಬಿಲಗಳನ್ನು ತಲೆಗಿಂತ ಮೇಲೆತ್ತಿ ಹಿಡಿದು ಗಂಡಸರು ದಾಟಿದರು. ಹಿಂದೆ ಹೆಂಗಸರು ಬಟ್ಟೆ ಎತ್ತಿ ಕಟ್ಟಿಕೊಂಡು, ಒಬ್ಬರ ಕೈ ಒಬ್ಬರು ಹಿಡಿದು ಇಳಿದರು. ಯಾರೂ ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಅಂಬಕಿಸ್ಯೆ ದಡದಿಂದ ಕೈಚಾಚಿ ಅತ್ತಿಗೆಯ ಕಾಲಿನ ಭಾಗ ಹಿಡಿದುಕೊಂಡ. ಮಾವಿನ ಮರದ ಕೆಳಗೆ ಗಂಡನ ಪಕ್ಕದಲ್ಲೇ ಅವಳನ್ನು ಮಲಗಿಸಿದರು.

ಒದ್ದೆ ಬಟ್ಟೆಯಲ್ಲಿ ವಾಪಸ್ಸು ಬಂದಾಗ ಈಚೆಯ ಗುಂಡಿ ಬಾಯಿ ತೆರೆದುಕೊಂಡೇ ಇತ್ತು.

"ಬಾಳೆದಿಂಡು ಕಡಿದು ತರ್ತೀನಿ," ಎಂದ ಒಬ್ಬ. ಹೆಣ ಸಿಗದಾಗ ಅದನ್ನೇ ಹೂಳುವುದು ವಾಡಿಕೆ.

ಅಸಜಿಲೆ ಲಾರಿಯ ಕಡೆ ನೋಡುತ್ತಿದ್ದ. ದಾರಿಯ ಗುಂಡಿಗಳಲ್ಲಿ ಕುಲುಕಿ ಒಂದು ಕಲ್ಲು ಅಡ್ಡಕ್ಕೆ ಬಿರುಕು ಬಿಟ್ಟಿತ್ತು.

"ಸಾಹೇಬ್ರೆ, ಆ ಒಡೆದದ್ದು ಕೊಡ್ತೀರಾ?"

ಕಯೂನಿ ಲಾರಿಯ ಹಿಂಬಾಗಿಲು ತೆಗೆದ. "ತಗೋ. ಅದು ಯಾವ ದೇಶಕ್ಕೂ ಬೇಡ."

ನಾಲ್ವರು ಹೊತ್ತು ತಂದರು. ಕಲ್ಲಿನ ಒಂದು ಮುಖದ ಮೇಲೆ ಈ ದೇಶದ ಹೆಸರು, ಎದುರು ಮುಖದ ಮೇಲೆ ಆ ದೇಶದ್ದು.

"ಯಾವ ಮುಖ ಮೇಲೆ ಬರ್ಬೇಕು?" ಗುಂಡಿಗಿಳಿದವನು ಕೇಳಿದ.

"ಮಗ್ಗುಲಾಗಿ ಮಲಗಿಸಿ," ಎಂದಳು ಸೆಕೆಲಾ. "ಅತ್ತೆ ಮಲಗ್ತಿದ್ದ ಹಾಗೆ. ತಲೆ ಮಾವಿನ ಮರದ ಕಡೆ."

ಹಾಗೆಯೇ ಮಲಗಿಸಿದರು. ಅಸಜಿಲೆ ಮಂಡಿಯೂರಿ ಮೊದಲ ಹಿಡಿ ಮಣ್ಣು ಹಾಕಿದ.